ಟೋ ಗಾಡಿಯವನ ರಜೆ

ಮೂವತ್ತೊಂದು ವರ್ಷ ಈ ಕಣಿವೆಗಳಲ್ಲಿ
ಲವಾರ್ ಕಂಡದ್ದು ಕಾರುಗಳ ಹೊಟ್ಟೆ.
ಬೆನ್ನು ಕೆಮ್ಮಣ್ಣಿಗೆ, ಕಣ್ಣು ಎಣ್ಣೆ ಸೋರುವ ಜಾಗಕ್ಕೆ.
ಮೇಲೆ ಸಾವಿರ ಅಡಿ ಬಂಡೆ ನಿಂತಿದ್ದರೆ ನಿಂತಿರಲಿ,
ಕೊಕ್ಕೆ ಸರಿಯಾಗಿ ಕೂತಿತೇ, ಅಷ್ಟೇ.

ಜೂನ್‌ನಲ್ಲಿ ಗಾಡಿ ಮಾರಿ ಬಂದ.
ಕೀಲಿ ಕೊಟ್ಟ ಕೈ ಎರಡು ದಿನ
ಜೇಬಿನಲ್ಲಿ ಏನನ್ನೋ ತಡಕುತ್ತಿತ್ತು.
ಲೋಕವೆಲ್ಲ ನೋಡಲು ಬರುವುದನ್ನು
ನಾವೂ ಒಮ್ಮೆ ನೋಡೋಣ, ಎಂದೆ.
ಮನೆ ಮುಂದಿನ ದಾರಿ ತಾನೇ, ಎಂದ.
ಅದಕ್ಕೇ, ಎಂದೆ.

ಹ್ಯಾಂಕ್ಸ್‌ವಿಲ್ ದಾಟಿದರೆ ಬೂದಿ ಬಣ್ಣದ ಗುಡ್ಡ.
"ಇಲ್ಲಿ ಜರ್ಮನಿಯ ಗಂಡ ಹೆಂಡತಿ. ರೇಡಿಯೇಟರ್."
ಕ್ಯಾಪಿಟಲ್ ರೀಫ್‌ನ ಕೆಂಪು ಗೋಡೆ ಎದ್ದು ನಿಂತಾಗ
"ಇಲ್ಲಿ ಹಳದಿ ವ್ಯಾನ್. ಗೇರ್‌ಬಾಕ್ಸ್. ಅವರ ನಾಯಿ ಕಚ್ಚಿತು."
ತಿರುವಿಗೊಂದು ಸ್ಥಳಪುರಾಣ,
ದೇವರಿಲ್ಲ, ಬರೀ ಕ್ಲಚ್ಚು.

ಫ್ರೂಟಾದ ಹಣ್ಣಿನ ತೋಟಕ್ಕೆ ಕಾವಲಿಲ್ಲ.
ನೀವೇ ಕೊಯ್ದು, ನೀವೇ ತೂಗಿ, ಡಬ್ಬಿಗೆ ದುಡ್ಡು ಹಾಕಿ.
ನಾನು ಏಪ್ರಿಕಾಟ್ ಕೊಯ್ದೆ.
ಅವನು ತಕ್ಕಡಿ ಸುಳ್ಳು ಹೇಳುತ್ತಿದೆಯೆಂದು
ಉಗುರಿನಿಂದ ಅದರ ಸ್ಕ್ರೂ ಬಿಗಿಮಾಡುತ್ತ ನಿಂತ.

ಬ್ರೈಸ್‌ನ ಅಂಚಿನಲ್ಲಿ ನಸುಕು.
ಕಂಬಳಿ ಹೊದ್ದ ಜನ, ಕ್ಯಾಮೆರಾ ಕಾಲುಗಳ ಕಾಡು.
ಕೆಳಗೆ ಸಾವಿರಾರು ಕಲ್ಲಿನ ಕಂಬಗಳು
ಹೆಸರು ಕೂಗುವುದನ್ನೇ ಕಾದು ನಿಂತವರಂತೆ.
ಬಿಸಿಲು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತ ಬಂತು.
ತಿರುಗಿದರೆ ಪಕ್ಕದಲ್ಲಿ ಅವನಿಲ್ಲ.
ಪಾರ್ಕಿಂಗ್‌ನಲ್ಲಿ ಯಾರದೋ ಟೈರು ಒತ್ತಿ ನೋಡುತ್ತಿದ್ದ.

ಆ ರಾತ್ರಿ ನಾನು ಮಾತು ಬಿಟ್ಟೆ.
ಜೂನಿಪರ್ ಮರದಡಿ ಟೆಂಟು, ಮೇಲೆ ಚೆಲ್ಲಿದ ಚುಕ್ಕಿ.
ಬಹಳ ಹೊತ್ತಿನ ಮೇಲೆ ಅವನೇ ಹೇಳಿದ:
"ಒಂದು ನೀಲಿ ಪಿಕಪ್. ನೆರೆ ಇಳಿದ ಮೇಲೆ
ಸೀಳು ಕಣಿವೆಯ ಬಾಯಿಂದ ಎಳೆದೆ.
ಅವತ್ತು ಆಕಾಶದಲ್ಲಿ ಒಂದೇ ಒಂದು ಮೋಡವಿರಲಿಲ್ಲ ನೆಲ್ಡಾ,
ಮಳೆ ನಲವತ್ತು ಮೈಲಿ ಆಚೆ ಬಿದ್ದಿತ್ತು.
ಹಿಂದುಗಡೆ ಊಟದ ಪೆಟ್ಟಿಗೆ.
ಅದರೊಳಗೆ ಐಸು ಇನ್ನೂ ಕರಗಿರಲಿಲ್ಲ."

ಹನ್ನೆರಡು ವರ್ಷದ ಹಿಂದಿನ ಮಾತು.
ಅವತ್ತು ರಾತ್ರಿ ಅವನಿಗೆ ನಾನೇನು ಬಡಿಸಿದೆ,
ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮೆಕ್ಸಿಕನ್ ಹ್ಯಾಟ್ ಹತ್ತಿರ ನಮ್ಮ ಗಾಡಿಯೇ ಕೈಕೊಟ್ಟಿತು.
ವಾಟರ್ ಪಂಪ್. ಎಂಟು ದಿನದಲ್ಲಿ ಅವನ ಮೊದಲ ನಗು.
ಸಾಮಾನಿಲ್ಲ, ಎಲ್ಲವನ್ನೂ ಗಾಡಿಯ ಜೊತೆಗೇ ಮಾರಿದ್ದ.
ಕಾಯೆಂಟಾದಿಂದ ಶಾಂಡೀನ್ ಬಂದಳು, ಇಪ್ಪತ್ತೈದಿರಬೇಕು,
ಜಡೆಯನ್ನು ಅಂಗಿಯೊಳಕ್ಕೆ ತುರುಕಿ
ಸೀದಾ ಮಣ್ಣಿಗೆ ಬೆನ್ನು ಕೊಟ್ಟಳು.
ಅವನು ಬಗ್ಗಿದ, ಏನೋ ಹೇಳಲು ಬಾಯಿ ತೆರೆದ.
"ತಾತ, ಬೆಳಕಿಗೆ ಅಡ್ಡ ನಿಂತಿದ್ದೀರಿ."
ಸರಿದ.

ಅವಳ ಕ್ಯಾಬಿನ್‌ನಲ್ಲಿ ಮೂವರು, ಅವನು ಕಿಟಕಿಗೆ,
ಸ್ಟೀರಿಂಗ್ ಇಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು
ಬೇರೆಯವರ ಮಗುವನ್ನು ಹಿಡಿದು ಕೂತ ಹಾಗೆ.
ರೇಡಿಯೋದಲ್ಲಿ ಅವಳ ಭಾಷೆ, ನಡುನಡುವೆ
ಹುಲ್ಲಿನ ಹೊರೆಯ ಬೆಲೆ.
ಬಂಡೆಗಳ ನೆರಳು ರಸ್ತೆ ದಾಟುತ್ತಿತ್ತು.
ನಮ್ಮಜ್ಜಿಯ ಕುರಿದೊಡ್ಡಿ ಅದರ ಹಿಂದೆ, ಎಂದು
ಶಾಂಡೀನ್ ತುಟಿ ಚಾಚಿ ತೋರಿಸಿದಳು.
ಅವನು ಆ ತುಟಿಯ ದಿಕ್ಕಿಗೆ ನೋಡಿದ,
ಬುಡದಿಂದ ತೊಡಗಿ, ನಿಧಾನ, ಮೇಲೆ,
ಕುತ್ತಿಗೆ ನೋಯುವಷ್ಟು ಮೇಲೆ.
ಇದು ಇಷ್ಟು ಎತ್ತರ ಇತ್ತೇ, ಎಂದ.
ನನಗಲ್ಲ.

ಹಿಂದೆ ಸರಪಳಿ ಕುಲುಕಿತು, ಒಮ್ಮೆ ತಿರುಗಿದ.
"ಬಿಗಿಯಾಗೇ ಇದೆ," ಎಂದಳು ಶಾಂಡೀನ್
ಕನ್ನಡಿ ನೋಡದೆ.