ಅರ್ಧ ಚೋಕ್

ಸಂತೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ ಅದನ್ನು.
"ಯಾಕೆ ಹೀಗೆ?" ಎಂದಳು ಖಾತುನಾ. "ನೆರಳಿಗೆ," ಎಂದೆ.
ನೆರಳಿರಲಿಲ್ಲ. ರುಸ್ತಾವಿಯ ಬಯಲಲ್ಲಿ
ಅಕ್ಟೋಬರಿನ ಬಿಸಿಲು ಸಾವಿರ ಗಾಜುಗಳ ಮೇಲೆ ಬಿದ್ದು
ಸಾವಿರ ಸಲ ಕಣ್ಣು ಕುಕ್ಕುತ್ತಿತ್ತು.

ನೀವಾ, ಅದರ ಹೆಸರು. ನನಗಿಂತ ಎರಡು ವರ್ಷ ಚಿಕ್ಕದು.
ಅಪ್ಪನ ದ್ರಾಕ್ಷಿ ಬುಟ್ಟಿಗಳ ಜೊತೆ ಕಡಜಗಳನ್ನೂ
ತೆಲಾವಿಯಿಂದ ಬಿಟ್ಟಿಯಾಗಿ ಹೊತ್ತು ತಂದದ್ದು.
ಬಾಗಿಲನ್ನು ಕೊಂಚ ಎತ್ತಿ ನೂಕಿದರಷ್ಟೇ ಮುಚ್ಚುವುದು.
ಎಡಗಾಲಡಿ ತೂತು. ಅದರಲ್ಲಿ ರಸ್ತೆ ಓಡುವುದನ್ನು
ನೋಡುತ್ತಲೇ ಬೆಟ್ಟ ಹತ್ತಿದವನು ನಾನು.

ಆದರೆ ಅಕ್ಕಪಕ್ಕ ಬಾಗಿಲು ಎರಡೇ. ಅವಳಿಗಳು ಹುಟ್ಟಿದ ಮೇಲೆ
ಮುಂದಿನ ಸೀಟು ಮಡಿಸಿ, ಒಂದನ್ನು ತೂರಿಸಿ, ಬೆಲ್ಟು ಬಿಗಿದು,
ಇನ್ನೊಂದನ್ನು ತೂರಿಸುವಷ್ಟರಲ್ಲಿ
ಮೊದಲನೆಯದು ಕಕ್ಕಿರುತ್ತದೆ.
ಅತ್ತೆ ಎತೇರಿಗೆ ಸೊಂಟದಲ್ಲಿ ಉಕ್ಕಿನ ಕೀಲು.
ಆಸ್ಪತ್ರೆಯಿಂದ ಅವರನ್ನು ತಂದದ್ದು ಹಿಂಬಾಗಿಲಿಂದ,
ಹಾಸಿಗೆ ಹಾಸಿ, ಕುಂಬಳಕಾಯಿಯ ಹಾಗೆ.
ಅವರು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಖಾತುನಾ ದರ್ಜಿ. ಕೊರಳಲ್ಲಿ ಅಳತೆ ಟೇಪು.
ಡಿಕ್ಕಿಗಳನ್ನು ಅಳೆದಳು: ಉದ್ದ, ಅಗಲ, ಬಾಯಿಯ ಎತ್ತರ,
ಅವಳಿ ತಳ್ಳುಗಾಡಿಗೆ ಅಂಗಿ ಹೊಲಿಯುವವಳಂತೆ.
ಮಾರುವ ಗೊದೆರ್ಜಿ ಸೂರ್ಯಕಾಂತಿ ಸಿಪ್ಪೆ ಉಗುಳುತ್ತ
"ಛಾವಣಿಗೂ ಕಿಟಕಿಯಿದೆ ತಾಯೀ, ನಕ್ಷತ್ರ ನೋಡಬಹುದು!"
"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದಳು, ಟೇಪು ಸುತ್ತುತ್ತ.
ಅಮೆರಿಕದಿಂದ ಹಡಗಿಳಿದ ಸುಬಾರು ನನಗೆ ಹಿಡಿಸಿತ್ತು.
ಅವಳು ಅದರ ಸೀಟ್ ಬೆಲ್ಟನ್ನು ಎಳೆದಳು, ಎಳೆದಳು,
ಇನ್ನು ಬರದು ಅನ್ನುವವರೆಗೆ ಎಳೆದಳು:
ತುದಿಯ ಒಂದು ಗೇಣು ಕೆಸರಿನ ಬಣ್ಣ.
ಯಾವುದೋ ಊರಿನ ಹೊಳೆ ಇದರಲ್ಲಿ ಒಮ್ಮೆ ಕೂತು ಎದ್ದು ಹೋಗಿದೆ.
ಗೊದೆರ್ಜಿ ಉಗುಳುವುದನ್ನು ನಿಲ್ಲಿಸಿದ.

ಎತೇರಿ ಮಾತ್ರ ಸ್ವಂತ ದಿಂಬು ಕಂಕುಳಲ್ಲಿಟ್ಟು
ಒಂದೊಂದಕ್ಕೂ ಹತ್ತಿ ಇಳಿದರು, ಬೀಗರ ಮನೆ ನೋಡಿ ಬಂದಂತೆ.
ಇಲ್ಲಿ ಮೊಣಕಾಲು ತಾಗಿತು, ಅಲ್ಲಿ ತಲೆ.
ಬೂದು ಬಣ್ಣದ ಓಪೆಲ್ ಝಫೀರಾ, ಎಂಟನೇ ಇಸವಿಯದು,
ಯಾರೂ ಎರಡನೇ ಸಲ ತಿರುಗಿ ನೋಡದಂಥದ್ದು,
ಅದಕ್ಕೆ ಹತ್ತಿದವರು ಇಳಿಯಲೇ ಇಲ್ಲ. ಬಗ್ಗಿ ನೋಡಿದರೆ
ನಿದ್ದೆ, ಬಾಯಿ ತೆರೆದು, ಮಡಿಲಲ್ಲಿ ಒಂದು ಮಗು.
ಖಾತುನಾ ಟೇಪನ್ನು ಚೀಲಕ್ಕೆ ಹಾಕಿದಳು.
ನಾನು ಎಂಜಿನ್ನಿನ ಮಾತೆತ್ತಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.
ಮುನ್ನೂರು ಡಾಲರು ಇಳಿಸಿ, ಕೈ ಕುಲುಕಿ,
ಬಾಗಿಲು ಹಾಕುವಾಗ ಎತ್ತಿ ನೂಕಿದೆ.
"ಯಾಕಣ್ಣಾ, ಇದೇನು ಗೋಣಿಚೀಲವೇ?" ಗೊದೆರ್ಜಿ ನಕ್ಕ.

ನೀವಾ ಹೋಯಿತು, ಜೇನು ಸಾಕುವ ಒತಿಯಾನಿಗೆ,
ಅವನು ಕೊಟ್ಟಷ್ಟಕ್ಕೆ, ಮೇಲೆ ಎರಡು ಡಬ್ಬಿ ಚೆಸ್ಟ್‌ನಟ್ ಜೇನಿಗೆ.
ಕಹಿ ಜೇನು ಅದು.
ಅದು ಹೊರಡುವಾಗ ನಾನು ಒಳಗೆ ಬಲ್ಬು ಬದಲಿಸುತ್ತಿದ್ದೆ.
ಬಲ್ಬು ಕೆಟ್ಟಿರಲಿಲ್ಲ.

ಮೊದಲ ಹಿಮ ಬಿದ್ದ ರಾತ್ರಿ, ಎರಡೂವರೆಗೆ, ಫೋನು.
"ನೀವಾ ಏಳುತ್ತಿಲ್ಲ," ಎಂದ ಒತಿಯಾ. "ಮಗಳಿಗೆ ನೋವು ಶುರುವಾಗಿದೆ."
ಕತ್ತಲಲ್ಲಿ ಎದ್ದು ಕೂತೆ. ಚೋಕು ಅರ್ಧ ಎಳಿ, ಎಂದೆ,
ಪೂರ್ತಿ ಎಳೆದರೆ ಮುನಿಸು. ಕೀಲಿ ತಿರುಗಿಸಬೇಡ ಇನ್ನೂ.
ಪೆಡಲು ಎರಡು ಸಲ, ಮೆಲ್ಲಗೆ, ಕೆಳಗೆ ಮೊಟ್ಟೆಯಿದೆ ಅಂದುಕೋ.
ಈಗ ಏನಾದರೂ ಮಾತಾಡು ಅದರ ಜೊತೆ. ಏನು ಮಾತು? ಏನಾದರೂ.
ಅಪ್ಪ ಬೈಯುತ್ತಿದ್ದ. ನಾನು ಹವಾಮಾನ ಹೇಳುತ್ತಿದ್ದೆ.
ಈಗ ತಿರುಗಿಸು.

ಫೋನಿನೊಳಗೆ ಕೆಮ್ಮು. ಕೆಮ್ಮು. ಉದ್ದ ಮೌನ.
ಆಮೇಲೆ, ನನ್ನ ಬೆರಳುಗಳಿಗೆ ಗೊತ್ತಿದ್ದ ಆ ನಡುಕ.
"ಬಾಗಿಲು," ಎಂದೆ, "ಎತ್ತಿ ನೂಕು..."
ಅಷ್ಟರಲ್ಲಿ ಅವನಿರಲಿಲ್ಲ.

ಪಕ್ಕದಲ್ಲಿ ಖಾತುನಾ ಎಚ್ಚರ. ಏನೂ ಕೇಳಲಿಲ್ಲ.
ಅಂಗಳದಲ್ಲಿ ಝಫೀರಾ, ಹಿಮ ಹೊದ್ದು.
ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ ಅದು,
ಯಾರ ಕೈಗಾದರೂ.