ಚುಕ್ಕಿ ಇಟ್ಟ ಸಾಲು

ಮಸ್ಕತ್ತು. ಅಲ್ ಖುವೈರಿನ ಕಚೇರಿಯ ನಾಲ್ಕನೇ ಮಹಡಿ.
ಒಳಗೆ ಹದಿನೆಂಟು ಡಿಗ್ರಿ, ಹೊರಗೆ ನಲವತ್ತಾರು.
ಗೋಡೆಯ ಮೇಲೆ ಬೆಳಕಿನ ಅಕ್ಷರ:
ಸಂಶೋಧನಾ ದತ್ತಾಂಶ ಸಂರಕ್ಷಣೆ, ರಾಷ್ಟ್ರೀಯ ಯೋಜನೆ, ಕರಡು ಏಳು.
ಮೊದಲ ಮೂರು ಕರಡು ಈಗ ತೆರೆಯುವುದಿಲ್ಲ,
ಆ ತಂತ್ರಾಂಶದ ಪರವಾನಗಿ ಮುಗಿದಿದೆ.
ಇದನ್ನು ನಾನು ಹೇಳಿದಾಗ
ಯಾರೂ ನಗಲಿಲ್ಲ.

ನನ್ನ ಕೆಲಸ ಹಳೇ ಟೇಪು ಓದಿಸುವುದು.
ಐವತ್ತು ಡಿಗ್ರಿಯಲ್ಲಿ ಎಂಟು ತಾಸು ಕಾಸಿ
ಸುರುಳಿಯ ಅಂಟು ಬಿಡಿಸುವುದು.
ಓಡುವುದು ಒಂದೇ ಸಲ;
ಎರಡನೇ ಸಲಕ್ಕೆ ಕಂದು ಪುಡಿ ಉದುರುತ್ತದೆ,
ಯಾವುದೋ ವರ್ಷದ ಜನವರಿ ಉದುರುತ್ತದೆ.

ಈ ಸಲದ್ದು ನಿಜ್ವಾ ಕಡೆಯ ಒಂದು ಫಲಜ್‌ನ ಲೆಕ್ಕ.
ಬೆಟ್ಟದ ಹೊಟ್ಟೆಯಿಂದ ಖರ್ಜೂರದ ಬುಡದವರೆಗೆ
ನೆಲದಡಿ ನಡೆದು ಬರುವ ನೀರು,
ಹತ್ತೊಂಬತ್ತು ವರ್ಷ, ದಿನಕ್ಕೆರಡು ಅಳತೆ.
ಅರ್ಧಕ್ಕರ್ಧ ಸಾಲುಗಳ ಪಕ್ಕ
ಒಂದೊಂದು ಚುಕ್ಕಿ.

ಚುಕ್ಕಿ ಅಂದರೆ ಅನುಮಾನ, ಎಂದರು ಸಲಹೆಗಾರರು,
ಜಗತ್ತಿನಲ್ಲಿ ಎಲ್ಲ ಕಡೆಯೂ ಹಾಗೇ. ತೆಗೆದುಬಿಡಿ.
ತೆಗೆದೆವು. ಆರು ಸಾವಿರ ಚಿಲ್ಲರೆ ಸಾಲು
ಒಂದು ಕೆಮ್ಮಿನಷ್ಟು ಹೊತ್ತಿನಲ್ಲಿ.
ನಕ್ಷೆಯ ಗೆರೆ ಇಸ್ತ್ರಿ ಮಾಡಿದ ದಿಶ್‌ದಾಶದ ಹಾಗೆ
ನೀಟಾಗಿ ನಿಂತಿತು.

ಡಾಕ್ಟರ್ ಬದ್ರಿಯಾ ಮಾತ್ರ ಟೇಪಿನ ಡಬ್ಬಿ ತಿರುಗಿಸಿ ನೋಡಿದರು.
ಪೆನ್ಸಿಲಿನಲ್ಲಿ ಒಂದು ಹೆಸರಿತ್ತು: ಸುಲೈಯಂ.
ಕೆಳಗೆ ಊರು.
ಹನ್ನೊಂದು ಫೋನಿನ ನಂತರ ಆ ಹೆಸರು
ಮೊಮ್ಮಗನ ತೋಳು ಹಿಡಿದು ಲಿಫ್ಟಿನಿಂದ ಇಳಿಯಿತು.

ತಂಪು ಗಾಳಿಯ ಕೆಳಗೆ ಕೂರಲು ಒಪ್ಪಲಿಲ್ಲ ಮುದುಕ.
ಹಾಳೆಯನ್ನು ಮೂಗಿನ ಹತ್ತಿರ ಹಿಡಿದು
ಬೆರಳಿನಿಂದ ಚುಕ್ಕಿ ಮುಟ್ಟಿ ಮುಟ್ಟಿ ಹೇಳಿದ:
‘ನಜ್ಮ್. ನಜ್ಮ್. ಇದೂ ನಜ್ಮ್.
ಹಗಲಿಗೆ ಕೋಲಿನ ನೆರಳು. ರಾತ್ರಿ ಕೋಲು ಏನು ಮಾಡೀತು?
ಗುಡ್ಡದ ತುದಿಗೆ ನಕ್ಷತ್ರ ಏರಿದಾಗ ಅಳೆದೆ.
ಅದಕ್ಕೇ ಚುಕ್ಕಿ.’

ದುಭಾಷಿ ಬಾಯಿ ತೆರೆಯುವ ಮೊದಲೇ ನನಗೆ ತಿಳಿದಿತ್ತು.
ನಮ್ಮ ಬೀದರ ಕಡೆ ಆಕಾಶದಲ್ಲಿರುವುದೂ ಚುಕ್ಕಿ,
ಹಾಳೆಯಲ್ಲಿರುವುದೂ ಚುಕ್ಕಿ.
ಆದರೂ ಅಳಿಸಿದ್ದು ನಾನೇ,
ಈ ಬೆರಳಿನಿಂದ.

(ಇನ್ನೊಂದು ಪ್ರತಿ ಇತ್ತು. ಇಟ್ಟಿದ್ದೆ.
ಯೋಜನೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ;
ನನಗದು ಹೆದರಿಕೆ ಮಾತ್ರ.)

ನೌಬಾದಿನ ನೆಲದಡಿಯೂ ಇಂಥದೇ ಸುರಂಗ.
ನಾವು ಹುಡುಗರು ಅದರ ಬಾವಿಗಳೊಳಗೆ ಕಲ್ಲು ಹಾಕಿ
ಸದ್ದು ಬರುತ್ತದೋ ಎಂದು ಕಿವಿಗೊಡುತ್ತಿದ್ದೆವು.
ಬರುತ್ತಿರಲಿಲ್ಲ. ಹೂಳು.
ಎಷ್ಟು ನೀರು ಹರಿದಿತ್ತು, ಯಾವ ಚುಕ್ಕಿಯ ಹೊತ್ತಿಗೆ,
ಬರೆದಿಟ್ಟವರಿದ್ದರೋ ಇಲ್ಲವೋ,
ಅದನ್ನೂ ಯಾರೂ ಬರೆದಿಟ್ಟಿಲ್ಲ.

ಮಧ್ಯಾಹ್ನ ಹಣದ ಮಾತು.
ಮೂರು ಊರಲ್ಲಿ ಮೂರು ಕಟ್ಟಡ, ಒಂದು ಮುಳುಗಿದರೆ ಇನ್ನೊಂದು.
ಐದು ವರ್ಷದ ಕೋಷ್ಟಕ ತುಂಬಿ ತುಳುಕಿತ್ತು.
ಆರನೆಯ ವರ್ಷದ ಮನೆ ಖಾಲಿ.
ಸುಲೈಯಂ ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗಿಟ್ಟು ಕೇಳಿದ:
‘ಇದರ ಹೂಳು ತೆಗೆಯುವವರು ಯಾರು?’
ಅವರ ಫಲಜ್‌ನಲ್ಲಿ ಪ್ರತಿ ಸರದಿಗೂ ಒಂದು ಪಾಲು
ಯಾರ ಮರಕ್ಕೂ ಸೇರಿದ್ದಲ್ಲವಂತೆ.
ಹರಾಜು ಹಾಕುತ್ತಾರೆ. ಆ ದುಡ್ಡು ಕಾಲುವೆಯದೇ.
‘ನೀರು ಕೂಡ ತನ್ನ ದಾರಿಯ ಬಾಡಿಗೆ ಕೊಡಬೇಕು.’

ಚೆನ್ನಾಗಿದೆ, ಮುನ್ನುಡಿಗೆ ಹಾಕೋಣ, ಎಂದರು ಹಣಕಾಸಿನವರು.

ಬದ್ರಿಯಾ ಮುನ್ನುಡಿಗೆ ಹಾಕಲಿಲ್ಲ.
ಆರನೆಯ ಮನೆಯಲ್ಲಿ ಬರೆದರು: ಹೂಳಿನ ಪಾಲು.
ಮೊತ್ತ ಬರೆಯಲಿಲ್ಲ. ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟರು.
ಅನುಮಾನದ್ದೋ ಆಕಾಶದ್ದೋ
ಕೇಳಬೇಕಿತ್ತು, ಕರಡು ಎಂಟಕ್ಕೆ ಟಿಪ್ಪಣಿ ಬರೆಯುವವನು ನಾನು.

ಹೊರಡುವಾಗ ಮುದುಕ ಕೈಚಾಚಿದ:
‘ಟೇಪು ನಿಮಗೆ. ಡಬ್ಬಿ ಕೊಡಿ. ಆ ಅಕ್ಷರ ನನ್ನ ತಮ್ಮನದು.’
ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟೆ.
ಲಿಫ್ಟು ಕೆಳಗಿಳಿದ ಮೇಲೆ ನೆನಪಾಯಿತು,
ಡಬ್ಬಿಯ ಫೋಟೋ ತೆಗೆದಿರಲಿಲ್ಲ.