ಬೆಳಕಿದ್ದಾಗಲೇ

ಮೇಲಿನ ಸಭಾಂಗಣಕ್ಕೆ ಲಿಫ್ಟ್ ಇತ್ತು, ಕೆಟ್ಟಿತ್ತು.
ಹಾಗಾಗಿ ಅರ್ಬ್ರೋತ್ ಲೈಬ್ರರಿಯ ಕೆಳಗೆ
ಮಕ್ಕಳ ಪುಸ್ತಕಗಳ ಮೂಲೆಯಲ್ಲಿ ಕೂತೆವು.
ಅಧಿಕಾರಿಗಳಿಗೆಲ್ಲ ಗೇಣೆತ್ತರದ ಬಣ್ಣದ ಕುರ್ಚಿ,
ಮೊಣಕಾಲು ಗದ್ದಕ್ಕೆ ತಾಗುವ ಹಾಗೆ.
ಗಾಲಿಕುರ್ಚಿಯ ಇಶ್ಬೆಲ್ ಗೀಕಿಯೇ
ಅವತ್ತು ಎಲ್ಲರಿಗಿಂತ ಎತ್ತರ.

ನಾನು ನಡವಳಿ ಬರೆಯುವವಳು.
ಯಾರು ಬಂದರು, ಯಾರು ಏನೆಂದರು, ಏನು ತೀರ್ಮಾನ.
ನನಗೆ ಕೊಟ್ಟ ಹಾಳೆಯಲ್ಲಿ ಆಕೆಯ ಹೆಸರಿರಲಿಲ್ಲ,
'ಸೇವೆ ಪಡೆಯುವವರು, ಒಬ್ಬರು' ಎಂದಿತ್ತು.
ನಮ್ಮ ದಾವಣಗೆರೆಯ ಕಚೇರಿಗಳಲ್ಲಾದರೆ ಫಲಾನುಭವಿ.
ಯಾವ ಫಲ, ಯಾರ ಅನುಭವ,
ಕೇಳಿದವರನ್ನು ನಾನು ಕಂಡಿಲ್ಲ.

ಮೀನು ಸೀಳಿ ಹೊಗೆಗೆ ಕಟ್ಟುತ್ತಿದ್ದ ಕೈಗಳು
ಈಗ ಮಡಿಲಲ್ಲಿ, ಮಡಿಸಿಟ್ಟ ಬಟ್ಟೆಯ ಹಾಗೆ.
ಮಾತು ಹೋಗಿ ಒಂಬತ್ತು ವರ್ಷ.
ಕಣ್ಣು ಉಳಿದಿದೆ.
ತೆಂದಾಯಿ ಗಾಜಿನಂಥ ಹಲಗೆ ಹಿಡಿದು ಎದುರು ನಿಂತಳು.
ನೋಟ ನಿಂತಲ್ಲಿ ಅಕ್ಷರ.
ಕೆಲಸಕ್ಕೆ ಸೇರಿದ ದಿನ ಅವಳಿಗೆ ಸಿಕ್ಕ ಆಜ್ಞೆ ಒಂದೇ:
ಊಹಿಸಬೇಡ.

ಉಳಿದವರಿಗೆ ಆ ಆಜ್ಞೆ ಇರಲಿಲ್ಲ.
ಡಿ, ಎಂದಳು ತೆಂದಾಯಿ.
ಡಾಕ್ಟರಾ? ಎಂದರು ಮಿಸ್ಟರ್ ಆಕ್ಟರ್ಲೋನಿ.
ಡಯಟ್ ಇರಬೇಕು, ಎಂದಿತು ಹಸಿರು ಕುರ್ಚಿ.
ಇಶ್ಬೆಲ್ ಕಣ್ಣು ಮುಚ್ಚಿ, ತೆರೆದು, ಮತ್ತೆ ಮೊದಲಿಂದ.
ಗೋಡೆಯ ಗಡಿಯಾರ ಕರಡಿಯ ಹೊಟ್ಟೆಯಲ್ಲಿತ್ತು,
ಅದರಲ್ಲಿ ಇಪ್ಪತ್ತೆರಡು ನಿಮಿಷ.
ಯಾರೋ ಕೆಮ್ಮಿದರು. ಯಾರೋ ಫೋನು ಮಗುಚಿಟ್ಟರು.
ಕಾಯುವುದೂ ಬರೆಯುವ ಕೆಲಸದಲ್ಲೇ ಸೇರಿದ್ದೆಂದು
ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಕತ್ತಲು.
ಕತ್ತಲಾಗುವುದನ್ನು ನೋಡಬೇಕು.
ಏಳೂಕಾಲಿಗೆ ಮಲಗಿಸುತ್ತಾರೆ.
ಜೂನಿನಲ್ಲಿ ಹತ್ತರವರೆಗೆ ಬೆಳಕು.
ಆರು ವರ್ಷವಾಯಿತು.

ಹೌದು, ಕೊನೆಯ ಭೇಟಿ ಏಳೂಕಾಲಿಗೇ.
ಆ ಪಾಳಿಯ ಹುಡುಗಿಗೆ ಮುಂದೆ ಇನ್ನೂ ಐದು ಮನೆ,
ಕಾರ್ನೂಸ್ಟಿಯ ತನಕ. ಅವಳ ತಪ್ಪೇನೂ ಇಲ್ಲ.
ಕಿಟಕಿಯಾಚೆ ಮಕ್ಕಳು ಚೆಂಡಾಡುತ್ತಿರುವಾಗ
ಐವತ್ತೆಂಟರ ಹೆಂಗಸು ಹಾಸಿಗೆಯಲ್ಲಿ,
ತೆಳ್ಳನೆ ಪರದೆಯ ಮೇಲೆ
ಮುಗಿಯದ ಹಗಲನ್ನು ದಿಟ್ಟಿಸುತ್ತ.

ಮಿಸ್ಟರ್ ಆಕ್ಟರ್ಲೋನಿ ಕೆಟ್ಟವರಲ್ಲ. ನನ್ನತ್ತ ತಿರುಗಿ,
'ಸಂಜೆ ಭೇಟಿಯ ವೇಳೆಯಲ್ಲಿ ಸಡಿಲಿಕೆ ಕೋರಲಾಗಿದೆ,
ಹೀಗೆ ಬರೆದುಕೊಳ್ಳಿ' ಎಂದರು.
ಬರೆದೆ. ಪದ್ಧತಿಯಂತೆ ಗಟ್ಟಿಯಾಗಿ ಓದಿದೆ.
ಇಶ್ಬೆಲ್ ನನ್ನನ್ನು ನೋಡಿದಳು, ಆಮೇಲೆ ಹಲಗೆಯನ್ನು.
ಐ, ಎಂದಳು ತೆಂದಾಯಿ.
ಕಾದಳು. ಮುಂದೆ ಏನೂ ಬರಲಿಲ್ಲ.
ಅವರ ಭಾಷೆಯಲ್ಲಿ ಅಷ್ಟು ಸಾಕು,
'ನಾನು' ಎನ್ನಲು ಒಂದೇ ಅಕ್ಷರ.

ಕರ್ತೃಪದ ಎಲ್ಲಿ? ಎಂದು ನಮ್ಮ ಮೇಷ್ಟರು
ಕೆಂಪು ಮಸಿಯಲ್ಲಿ ಕೇಳುತ್ತಿದ್ದರು.
'ಕೋರಲಾಗಿದೆ' ಬೀಗ ಹಾಕಿದ ಮನೆ,
ಒಳಗೆ ಯಾರೂ ಇಲ್ಲ.
ಹೊಡೆದುಹಾಕಿದೆ. ಬರೆದೆ:
'ನಾನು ಕತ್ತಲಾಗುವುದನ್ನು ನೋಡಬೇಕು'
ಎಂದು ಇಶ್ಬೆಲ್ ಗೀಕಿ ಹೇಳಿದರು.
'ಹೇಳಿದರು' ಎಂಬಲ್ಲಿ ಯಾರಾದರೂ ತಕರಾರೆತ್ತಬಹುದಿತ್ತು.
ಎತ್ತಲಿಲ್ಲ.

ಪಾಳಿಯ ಪಟ್ಟಿ ನೋಡೋಣ, ಎಂದರು.
ನೋಡೋಣ ಎಂಬ ಮಾತು ಎಷ್ಟು ದೂರ ಹೋಗುತ್ತದೆಂದು
ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.
ಅಕ್ಟೋಬರ್ ಬಂದರೆ ಆರಕ್ಕೇ ಕತ್ತಲಲ್ಲವೇ,
ತಾನಾಗೇ ಸರಿಹೋಗುತ್ತದೆ, ಎಂದಿತು ಹಸಿರು ಕುರ್ಚಿ.

ಆಗ ಒಂದು ಸದ್ದು,
ಬಹಳ ದಿನ ಹೊಡೆಯದ ಬೋರಿನ ಕೈಪಂಪಿನಂತೆ
ಮೊದಲು ಗಾಳಿ, ಆಮೇಲೆ ಕೀರಲು, ಆಮೇಲೆ
ಧಾರೆ.
ತೆಂದಾಯಿ ಹಲಗೆ ಕೆಳಗಿಳಿಸಿದಳು.

ಬರೆದುಕೊಂಡೆ:
ಇಶ್ಬೆಲ್ ಗೀಕಿ ನಕ್ಕರು.
ಮುಂದಿನ ವಿಷಯ: ಲಿಫ್ಟ್.